ಟೀಪಾಯಿ ಮೇಲಿನ ಕಮಾನು

ಎಂಬತ್ತು–ತೊಂಬತ್ತರ ದಶಕದಲ್ಲಿ ಮನೆ ಕಟ್ಟಿಸಿದವರು ಹಾಲ್‌ಗೂ ಊಟದ ಕೋಣೆಗೂ ನಡುವೆ ಒಂದು ಕಮಾನು ಬಿಡಲೇಬೇಕು ಎಂಬ ಕಾನೂನು ನಮ್ಮ ಕಡೆ ಇದ್ದಂತಿತ್ತು. ಅಂಬೇವಾಡಿಯ ನಮ್ಮ ಓಣಿಯಲ್ಲಂತೂ ಅದನ್ನು ಮೀರುವ ಧೈರ್ಯ ಯಾರೂ ಮಾಡಲಿಲ್ಲ. ದೇವರ ಕೋಣೆ ಗೇಣಗಲವಾದರೂ ಆದೀತು, ಬಚ್ಚಲಿಗೆ ಕಿಟಕಿ ಇಲ್ಲದಿದ್ದರೂ ನಡೆದೀತು, ಕಮಾನು ಬೇಕು. ನಮ್ಮ ಮನೆಗೂ ಒಂದು ಬಂತು. ಅದನ್ನು ಕಟ್ಟಿದ ಗೌಂಡಿ ಅದರ ಗುಟ್ಟನ್ನು ಅವತ್ತೇ ಹೇಳಿದ್ದ. "ಭಾರ ಎಲ್ಲಾ ಮ್ಯಾಲಿನ ಲಿಂಟಲ್ ಹೊರತೈತ್ರಿ ಸರ್. ಕಮಾನು ಬರೇ ಶೋಕಿಗೆ. ನಾಳೆ ಬ್ಯಾಡ ಅನಿಸಿದ್ರ ಒಡದು ತಗೀರಿ, ಮನಿಗೇನೂ ಆಗೂದಿಲ್ಲ."

ಅಂದರೆ ಲಿಂಟಲ್ಲಿಗೆ ಜೋತುಬಿದ್ದ ಒಂದಿಷ್ಟು ಇಟ್ಟಿಗೆ ಚೂರು, ಸಿಮೆಂಟು, ಮೇಲೆ ನುಣ್ಣನೆಯ ಗಿಲಾವು. ಕಮಾನು ಮನೆಯನ್ನು ಹೊತ್ತಿಲ್ಲ, ಮನೆಯೇ ಕಮಾನನ್ನು ಹೊತ್ತಿದೆ. ಮದುವೆ ಮನೆಯಲ್ಲಿ ಸಿಗುವ ದೂರದ ಬೀಗರ ಹಾಗೆ, ಕೆಲಸಕ್ಕೆ ಇಲ್ಲ, ಫೋಟೋದಲ್ಲಿ ಮಾತ್ರ ನಟ್ಟನಡುವೆ. ಈವರೆಗೆ ಅದು ಹೊತ್ತಿರುವ ಭಾರವೆಂದರೆ ಹಬ್ಬದ ಮಾವಿನ ತೋರಣ ಮತ್ತು ಕೇಬಲ್ ವೈರು. ಇದರಿಂದ ನನಗೆ ಯಾವ ತಕರಾರೂ ಇರಲಿಲ್ಲ. ಮನೆಯೊಳಗೆ ನಿಜವಾದ ಕಮಾನೊಂದು ಬಂದು ಕೂತ ಮೇಲೆ ತಕರಾರು ಶುರುವಾಯಿತು.

ತಂದವನು ನನ್ನ ತಂಗಿಯ ಮಗ. ಜರ್ಮನಿಯ ಯೇನಾ ಊರಿನಲ್ಲಿ ಸಂಶೋಧನೆ ಮಾಡುತ್ತಾನೆ. ಪರದೇಶದಿಂದ ಬರುವವರು ಚಾಕಲೇಟು ತರುವುದು ರೂಢಿ. ಇವನು ನನ್ನ ಮೊಮ್ಮಗಳಿಗೆಂದು ಒಂದು ಕಟ್ಟಿಗೆಯ ಪೆಟ್ಟಿಗೆ ತುಂಬ ಕಲ್ಲು ತಂದ. ನನ್ನವಳು ಪೆಟ್ಟಿಗೆ ಎತ್ತಲು ಹೋಗಿ ಸೊಂಟ ಹಿಡಿದುಕೊಂಡು, "ಕಾಳಿ ಹೊಳಿ ದಂಡ್ಯಾಗ ಕಲ್ಲು ಕಡಿಮಿ ಬಿದ್ದಿದ್ವು ಅಂತ ವಿಮಾನದಾಗ ಹೊತ್ತು ತಂದ್ಯೇನೋ ಮಾರಾಯಾ?" ಎಂದಳು. ಅವನು ನಕ್ಕು, "ಇದು ಆಟಗಿ ಅತ್ತಿ, ನೂರಾ ನಲವತ್ತು ವರ್ಷದ ಆಟಗಿ" ಎಂದ. ಹಳೆಯದಾದರೆ ಕಡಿಮೆ ದರಕ್ಕೆ ಸಿಕ್ಕಿರಬೇಕು ಎಂದು ಅವಳಿಗೆ ಸಮಾಧಾನವಾಯಿತು. ದರ ಕೇಳಿದ ಮೇಲೆ ಆ ಸಮಾಧಾನವೂ ಹೋಯಿತು.

ಮುಚ್ಚಳ ಜಾರಿಸಿದರೆ ಒಳಗೆ ಮೂರು ಬಣ್ಣದ ಕಲ್ಲುಗಳು: ಇಟ್ಟಿಗೆಯ ಕೆಂಪು, ಸುಣ್ಣದಕಲ್ಲಿನ ಹಳದಿ, ಮಾಡಿನ ಹಂಚಿಗೆಂದು ಬೂದು ಬೆರೆತ ನೀಲಿ. ಪ್ಲಾಸ್ಟಿಕ್ಕಿನ ಆಟಿಗೆಯಲ್ಲಿ ಇರುವಂತೆ ಒಂದರೊಳಗೊಂದು ಸಿಕ್ಕಿಸುವ ಗುಬ್ಬಿಯಿಲ್ಲ, ಅಂಟಿಲ್ಲ, ಗಾರೆಯಿಲ್ಲ. ಅಂಗೈಯಲ್ಲಿಟ್ಟರೆ ತಣ್ಣಗೆ, ತೂಕವಾಗಿ ಕೂರುತ್ತವೆ. ಒಂದರ ಮೇಲೊಂದು ಇಟ್ಟರೆ 'ಟಕ್' ಎಂದು ಒಣ ಸದ್ದು ಬರುತ್ತದೆ. ಕಲ್ಲು ನಿಲ್ಲುವುದು ಅದರ ಸ್ವಂತ ಭಾರದಿಂದ ಮತ್ತು ಮೈಯ ಒರಟಿನಿಂದ. ಮಾಡಿರುವುದು ಬಿಳಿ ಮರಳಿನ ಪುಡಿ, ಸೀಮೆಸುಣ್ಣ, ಬಣ್ಣ ಮತ್ತು ಅಗಸೆ ಎಣ್ಣೆ ಕಲಸಿ ಅಚ್ಚಿನಲ್ಲಿ ಒತ್ತಿ. ಅಗಸೆ ಎಂಬ ಮಾತು ಅಡಿಗೆಮನೆಗೆ ಮುಟ್ಟಿತು. "ಅಗಸಿ ಹಿಂಡಿ ಮಾಡಿ ರೊಟ್ಟಿಗೆ ಹಚ್ಚಿಕೊಂಡು ತಿನ್ನೂದು ಬಿಟ್ಟು ಕಲ್ಲು ಮಾಡ್ಯಾರ ನೋಡ್ರಿ" ಎಂದು ಒಗ್ಗರಣೆಯ ನಡುವಿನಿಂದಲೇ ತೀರ್ಪು ಬಂತು.

ಈ ಕಲ್ಲು ಕಂಡುಹಿಡಿದವರು ಲಿಲಿಯೆಂಥಾಲ್ ಎಂಬ ಅಣ್ಣ ತಮ್ಮಂದಿರು, ಓಟೊ ಮತ್ತು ಗುಸ್ತಾವ್. ಕಿಂಡರ್‌ಗಾರ್ಟನ್ ಹುಟ್ಟುಹಾಕಿದ ಫ್ರೋಬೆಲ್ ಮಕ್ಕಳ ಕೈಗೆ ಕಟ್ಟಿಗೆಯ ತುಂಡುಗಳನ್ನು ಕೊಟ್ಟಿದ್ದ. ಇವರು ಕಟ್ಟಿಗೆಯ ಬದಲು ಕಲ್ಲು ಕೊಡೋಣ ಎಂದುಕೊಂಡರು. ಉಪಾಯ ಚೆನ್ನಾಗಿತ್ತು, ವ್ಯಾಪಾರ ಬರಲಿಲ್ಲ. 1880ರಲ್ಲಿ ಫ್ರೀಡ್ರಿಷ್ ಅಡಾಲ್ಫ್ ರಿಕ್ಟರ್ ಎಂಬಾತ ಹಕ್ಕನ್ನು ಕೊಂಡುಕೊಂಡ. ರುಡೋಲ್‌ಸ್ಟಾಟ್ ಊರಿನಲ್ಲಿ ಕಾರ್ಖಾನೆ ತೆಗೆದು, ಪೆಟ್ಟಿಗೆಯ ಮೇಲೆ ಲಂಗರದ ಮುದ್ರೆ ಒತ್ತಿ, ಜಗತ್ತಿಗೆಲ್ಲ ಮಾರಿ ಹಣ ಮಾಡಿದ. ಈ ರಿಕ್ಟರನ ಇನ್ನೊಂದು ದಂಧೆ ನೋವಿನ ಔಷಧಿ. ಅದೇ ಲಂಗರದ ಮುದ್ರೆಯಲ್ಲಿ ಮೈಕೈ ನೋವಿಗೆ ಹಚ್ಚುವ ತೈಲವನ್ನೂ ಮಾರುತ್ತಿದ್ದ. ಟೀಪಾಯಿಯ ಮುಂದೆ ಬಗ್ಗಿ ಕೂತು ಕಲ್ಲು ಜೋಡಿಸಿ ಎದ್ದವರಿಗೆ ಈ ಎರಡು ದಂಧೆಗಳ ಸಂಬಂಧ ಬಿಡಿಸಿ ಹೇಳಬೇಕಾಗಿಲ್ಲ. ಓಟೊ ಲಿಲಿಯೆಂಥಾಲ್ ಆಟಿಗೆ ಬಿಟ್ಟು ರೆಕ್ಕೆ ಕಟ್ಟಿಕೊಂಡು ಗುಡ್ಡದಿಂದ ಹಾರತೊಡಗಿದ, ರೈಟ್ ಸೋದರರಿಗೆ ಗುರುವಿನಂತಾದ, 1896ರಲ್ಲಿ ಬಿದ್ದು ತೀರಿಕೊಂಡ. ಭಾರದ ಜೊತೆ ಅವನಷ್ಟು ಸಲಿಗೆಯಿಂದ ಇದ್ದವರು ಕಡಿಮೆ. ಕಾರ್ಖಾನೆ 1963ರಲ್ಲಿ ಮುಚ್ಚಿತು, 1995ರಲ್ಲಿ ಮತ್ತೆ ತೆರೆಯಿತು. ಇಲ್ಲದಿದ್ದರೆ ನಮ್ಮ ಟೀಪಾಯಿ ಇಷ್ಟೊತ್ತಿಗೆ ಖಾಲಿ ಇರುತ್ತಿತ್ತು, ಅದರ ಮೇಲೆ ಚಹಾದ ಕಪ್ಪು ಇಡಲು ಜಾಗವೂ ಸಿಗುತ್ತಿತ್ತು.

ಮೊಮ್ಮಗಳು ಮೊದಲ ದಿನ ಗೋಪುರ ಕಟ್ಟಿದಳು, ಬೀಳಿಸಿದಳು, ಮತ್ತೆ ಕಟ್ಟಿದಳು. ಮಕ್ಕಳಿಗೆ ಕಟ್ಟುವುದೂ ಕೆಡವುವುದೂ ಒಂದೇ ಖುಷಿಯ ಎರಡು ತುದಿ. ದೊಡ್ಡವರ ಕಣ್ಣು ಬಿದ್ದದ್ದು ಕಮಾನಿನ ಕಲ್ಲುಗಳ ಮೇಲೆ. ಚಿಕ್ಕ ಕಮಾನುಗಳು ಒಂದೇ ಕಲ್ಲಿನಲ್ಲಿ ಅರ್ಧಚಂದ್ರ ಕೊರೆದು ಬಂದಿರುತ್ತವೆ. ಎರಡು ಕಂಬ ನಿಲ್ಲಿಸಿ ಮೇಲೆ ಇಟ್ಟರಾಯಿತು. ಸಂಜೆ ಚಹಾಕ್ಕೆ ಬಂದ ಗೌಂಡಿ (ನಮ್ಮ ಶೋಕಿ ಕಮಾನು ಕಟ್ಟಿದವನೇ, ಈಗ ಮಗನಿಗೆ ಕೆಲಸ ಬಿಟ್ಟುಕೊಟ್ಟು ಓಣಿಯ ಎಲ್ಲ ಮನೆಗಳ ಸೋರಿಕೆಯ ಮೇಲೆ ಅಭಿಪ್ರಾಯ ಕೊಡುತ್ತ ಓಡಾಡುತ್ತಾನೆ) ಅದನ್ನು ಎತ್ತಿ ನೋಡಿ ಕೆಳಗಿಟ್ಟ. "ಇದು ಕಮಾನಲ್ರಿ. ತೂತು ಹೊಡದ ಕಲ್ಲು." ಆಮೇಲೆ ಪೆಟ್ಟಿಗೆಯ ತಳದಿಂದ ಬೆಣೆಯಾಕಾರದ ಕಲ್ಲುಗಳನ್ನು ಆರಿಸಿ ಸಾಲಾಗಿ ಇಟ್ಟ. "ಕಮಾನು ಅಂದ್ರ ಇವು."

ಅಲ್ಲಿಂದ ಮುಂದೆ ಆಟಿಗೆ ಮೊಮ್ಮಗಳ ಕೈಯಿಂದ ಜಾರಿತು.

ಬೆಣೆಗಲ್ಲುಗಳನ್ನು ಗಾಳಿಯಲ್ಲಿ ನಿಲ್ಲಿಸಲು ಬರುವುದಿಲ್ಲ. ಕೊನೆಯ ಕಲ್ಲು ಕೂರುವ ತನಕ ಉಳಿದವೆಲ್ಲ ಬೀಳಲು ತಯಾರಾಗಿಯೇ ಇರುತ್ತವೆ. ಆದ್ದರಿಂದ ಕೆಳಗೆ ಸೆಂಟ್ರಿಂಗ್ ಬೇಕು. ಅಡಿಗೆಮನೆಯಲ್ಲಿ ಶೋಧ ನಡೆಯಿತು. ಮಜ್ಜಿಗೆಯ ಲೋಟ ಸಣ್ಣದಾಯಿತು, ಕುಕ್ಕರು ದೊಡ್ಡದಾಯಿತು. ಶೇಂಗಾ ಹಿಂಡಿಯ ಸ್ಟೀಲಿನ ಡಬ್ಬಿ ಮಾತ್ರ, ಅಡ್ಡ ಮಲಗಿಸಿದರೆ, ಅಳತೆಗೆ ಸರಿಯಾಗಿ ಕೂತಿತು. ಹಿಂಡಿ ಬೇರೆ ಡಬ್ಬಿಗೆ ಹೋಯಿತು. ಅದರ ಜೊತೆ ನನ್ನ ಬಗ್ಗೆ ಮನೆಯವಳಿಗಿದ್ದ ಸದಭಿಪ್ರಾಯವೂ ಸ್ವಲ್ಪ ಹೋಯಿತು. ಎರಡೂ ಕಡೆ ಕಂಬ, ನಡುವೆ ಡಬ್ಬಿ, ಡಬ್ಬಿಯ ಬೆನ್ನ ಮೇಲೆ ಎಡಬಲದಿಂದ ಒಂದೊಂದೇ ಕಲ್ಲು ಏರಿಸುತ್ತ ಬಂದು ನೆತ್ತಿಯಲ್ಲಿ ನಡುವಿನ ಬೆಣೆ ಇಳಿಸಿದೆವು. ಈ ನಡುಗಲ್ಲಿಗೆ ಜಗತ್ತು ಬಹಳ ಮರ್ಯಾದೆ ಕೊಡುತ್ತದೆ, ಇಡೀ ಕಮಾನನ್ನು ಅದೇ ಹಿಡಿದಂತೆ ಮಾತಾಡುತ್ತಾರೆ. ಹಾಗೇನಿಲ್ಲ. ಬುಡದ ಕಲ್ಲು ತೆಗೆದರೂ ಕಮಾನು ಬೀಳುತ್ತದೆ. ಬುಡದ ಕಲ್ಲಿನ ಮೇಲೆ ಬರುವ ಭಾರ ನೆತ್ತಿಯ ಕಲ್ಲಿಗಿಂತ ಹೆಚ್ಚೇ. ನೆತ್ತಿಯದಕ್ಕೆ ಹೆಸರು ಬಂದದ್ದು ಕಡೆಗೆ ಬಂದು ಕೂತದ್ದಕ್ಕೆ.

ಇನ್ನು ಡಬ್ಬಿ ತೆಗೆಯಬೇಕು. ಇಲ್ಲಿ ಓಣಿಯೇ ಎರಡು ಪಂಗಡವಾಯಿತು. ಒಮ್ಮೆಲೆ ಎಳೆದುಬಿಡಿ ಎಂದವರು ಕೆಲವರು. ಗೌಂಡಿ ಒಪ್ಪಲಿಲ್ಲ. "ಸೆಂಟ್ರಿಂಗ್ ಎಳಿಯೂದಲ್ರಿ, ಇಳಿಸೂದು." ದೊಡ್ಡ ಕಮಾನುಗಳ ಕೆಳಗಿನ ಕಂಬಗಳಿಗೆ ಜೋಡಿ ಬೆಣೆ ಹೊಡೆದಿರುತ್ತಾರೆ. ಕಮಾನು ಮುಗಿದ ಮೇಲೆ ಬೆಣೆಗಳನ್ನು ಒಂದಿಷ್ಟೇ ಸಡಿಲಿಸುತ್ತ ಆಸರೆಯನ್ನು ನಿಧಾನ ಕೆಳಗಿಳಿಸುತ್ತಾರೆ. ನಮ್ಮದು ಕಾಗದದ ಊರು. ವೆಸ್ಟ್ ಕೋಸ್ಟ್ ಪೇಪರ್ ಮಿಲ್ಲಿನ ಸೈರನ್ನಿಗೆ ಗಡಿಯಾರ ಹೊಂದಿಸಿಕೊಂಡು ಬೆಳೆದವರು ಬೆಣೆಯ ಬದಲು ಕಾಗದ ಬಳಸುವುದೇ ಸರಿ. ಡಬ್ಬಿಯ ಕೆಳಗೆ ಹಳೆಯ ಲಗ್ನಪತ್ರಿಕೆಗಳನ್ನು ಅಟ್ಟಿ ಮಾಡಿ ಇಟ್ಟು, ಒಂದೊಂದನ್ನೇ ಹಿಂದಿನಿಂದ ಸರಿಸಿ ತೆಗೆದೆವು. ಎರಡು ಪತ್ರಿಕೆ ಹೋಗುವವರೆಗೆ ಏನೂ ಆಗಲಿಲ್ಲ. ಆಮೇಲೆ ನೆತ್ತಿ ಕೂದಲೆಳೆಯಷ್ಟು ಕುಸಿಯಿತು. ನಡುಗಲ್ಲಿನ ಪಕ್ಕದ ಸಂದು ಕೆಳಗಡೆ ತುಸು ಬಾಯಿ ಬಿಟ್ಟಿತು, ಎರಡೂ ಭುಜಗಳಲ್ಲಿ ಸಂದು ಮೇಲ್ಗಡೆ ಬಾಯಿ ಬಿಟ್ಟಿತು. ಡಬ್ಬಿಗೂ ಕಲ್ಲಿಗೂ ನಡುವೆ ಬೆಳಕಿನ ಒಂದು ಗೆರೆ ಕಂಡಿತು. ಕಮಾನು ತನ್ನ ಭಾರ ತಾನು ಹೊತ್ತುಕೊಂಡಿತ್ತು. ಎಲ್ಲರೂ ಉಸಿರು ಬಿಟ್ಟ ಮೇಲೆ ಕಂಬಗಳೆರಡೂ ಕಾಲು ಅಗಲಿಸಿದವು, ಇಡೀ ಕಮಾನು ದಡಬಡ ಎಂದು ಡಬ್ಬಿಯ ಮೇಲೆ ಮಲಗಿತು. ಮೊಮ್ಮಗಳು ಚಪ್ಪಾಳೆ ತಟ್ಟಿದಳು. ಅವಳಿಗೆ ಕೊನೆಗೂ ಆಟ ಅರ್ಥವಾಗಿತ್ತು.

ಕಮಾನಿನ ಹಠವೇ ಅದು. ಮೇಲಿನ ಭಾರವನ್ನು ಅದು ಕೆಳಗೆ ಮಾತ್ರ ಕಳಿಸುವುದಿಲ್ಲ, ಪಕ್ಕಕ್ಕೂ ತಳ್ಳುತ್ತದೆ. ಆ ತಳ್ಳಾಟವನ್ನು ತಡೆದು ನಿಲ್ಲಲು ಎರಡೂ ಕಡೆ ಗಟ್ಟಿ ಆಸರೆ ಬೇಕು. ಮನೆಯಲ್ಲಿ ಅಷ್ಟು ತೂಕದ ವಸ್ತು ಯಾವುದಿದೆ ಎಂದು ಹುಡುಕಿದಾಗ ಕಪಾಟಿನಲ್ಲಿ ಕಿಟ್ಟೆಲ್ ನಿಘಂಟು ಸಿಕ್ಕಿತು. 1894ರಲ್ಲಿ ಮೊದಲು ಅಚ್ಚಾದ ಆ ಮಹಾಗ್ರಂಥದ ಮರುಮುದ್ರಣವನ್ನು ನಾನು ನಿವೃತ್ತನಾದ ಮೇಲೆ ಪುಟ ಪುಟ ಓದುತ್ತೇನೆಂದು ತಂದಿಟ್ಟಿದ್ದೆ. ಜರ್ಮನಿಯಿಂದ ಬಂದ ಪಾದ್ರಿ ಬರೆದ ಕನ್ನಡ ನಿಘಂಟು ಜರ್ಮನಿಯ ಕಲ್ಲಿಗೆ ಒತ್ತುಕೊಟ್ಟು ನಿಂತಿತು. ಇನ್ನೊಂದು ಬದಿಗೆ ಸರಿದೂಗುವ ವಿದ್ವತ್ತು ಮನೆಯಲ್ಲಿ ಇರಲಿಲ್ಲ, ನೀರು ತುಂಬಿದ ಕುಕ್ಕರು ಇಟ್ಟೆವು. ಕಮಾನು ನಿಂತಿತು. ಗೌಂಡಿ ಮೇಲೆ ಇನ್ನೂ ಎರಡು ಸಾಲು ಕಲ್ಲು ಪೇರಿಸಿದ. ಅಲುಗಾಡಲಿಲ್ಲ. ಮೇಲೆ ಭಾರ ಬಿದ್ದಷ್ಟೂ ಕಲ್ಲಿಗೆ ಕಲ್ಲು ಬಿಗಿಯಾಗುತ್ತ ಹೋಯಿತು. ಅಡ್ಡ ಮಲಗಿಸಿದ ತೊಲೆಗೆ ಭಾರ ಎಂದರೆ ಬೆನ್ನು ಬಾಗುವ ಭಯ, ಕಮಾನಿಗೆ ಅದೇ ಜೀವ.

ಅವತ್ತು ರಾತ್ರಿ ಊಟಕ್ಕೆ ಅನ್ನವಾಗಲಿಲ್ಲ. ಕುಕ್ಕರು ಕರ್ತವ್ಯದ ಮೇಲಿತ್ತು.

ಕಮಾನಿನ ಬಾಗು ಹೇಗಿರಬೇಕು ಎಂಬ ಪ್ರಶ್ನೆಗೆ ಇಂಗ್ಲೆಂಡಿನ ರಾಬರ್ಟ್ ಹೂಕ್ 1670ರ ದಶಕದಲ್ಲೇ ಉತ್ತರ ಕಂಡುಕೊಂಡಿದ್ದ. ಕಂಡುಕೊಂಡದ್ದನ್ನು ಯಾರಿಗೂ ಬಿಟ್ಟುಕೊಡಬಾರದೆಂದು ಅಕ್ಷರಗಳನ್ನು ಕಲಸಿ ಒಗಟು ಮಾಡಿ ಅಚ್ಚು ಹಾಕಿಸಿದ. ಬಿಡಿಸಿದರೆ ಒಳಗಿರುವುದು ಇಷ್ಟು: ಸರಪಳಿಯ ಎರಡು ತುದಿ ಹಿಡಿದು ಜೋತುಬಿಟ್ಟರೆ ಅದು ಯಾವ ಬಾಗಿನಲ್ಲಿ ನಿಲ್ಲುತ್ತದೋ, ಅದನ್ನೇ ತಲೆಕೆಳಗು ಮಾಡಿದರೆ ಕಲ್ಲಿನ ಕಮಾನಿಗೆ ಸರಿಯಾದ ಬಾಗು. ಮನೆಯಲ್ಲಿ ಸರಪಳಿ ಇರಲಿಲ್ಲ, ಮನೆಯವಳ ಬೋರಮಾಳ ಸರ ಇತ್ತು. ಒಂದು ರಟ್ಟಿನ ಮುಂದೆ ಎರಡು ತುದಿ ಹಿಡಿದು ನಿಂತೆ. ಗುಂಡುಗಳು ತಾವಾಗಿ ಇಳಿದು ಚಂದದ ಒಂದು ಬಾಗಿಗೆ ಬಂದು ನಿಂತವು. ಮೊಮ್ಮಗಳು ಪೆನ್ಸಿಲಿನಲ್ಲಿ ಅದರ ಗುಂಟ ಚುಕ್ಕೆ ಇಟ್ಟಳು. ಆ ಹೊತ್ತಿಗೆ ಸರದ ಒಡತಿ ಬಾಗಿಲಲ್ಲಿ ಬಂದು ನಿಂತಿದ್ದಳು. "ಅಡಾ ಇಡಾಕ ತೂಕ ನೋಡಾಕತ್ತೀರೇನು?" ಹೂಕನ ಹೆಸರು ಹೇಳಿದೆ. ಅವನಿಗೂ ಮನೆಯಲ್ಲಿ ಯಾರೂ ಬೈಯುವವರಿರಲಿಲ್ಲವೇ ಎಂದು ಕೇಳಿದಳು. ಹೂಕ್ ಮದುವೆಯಾಗಿರಲಿಲ್ಲ. ಅದನ್ನು ನಾನು ಹೇಳಲಿಲ್ಲ, ಹೇಳಿದ್ದರೆ ಮಾತು ಬೇರೆ ದಾರಿ ಹಿಡಿಯುತ್ತಿತ್ತು.

ರಟ್ಟಿನ ಮೇಲಿನ ಗೆರೆಯನ್ನು ತಲೆಕೆಳಗು ಮಾಡಿ ನಮ್ಮ ಅರ್ಧವೃತ್ತದ ಕಮಾನಿನ ಹಿಂದೆ ಹಿಡಿದು ನೋಡಿದಾಗ ಒಂದು ವಿಷಯ ಕಣ್ಣಿಗೇ ಕಂಡಿತು. ಸರದ ಬಾಗು ಅರ್ಧವೃತ್ತವಲ್ಲ, ಆದರೆ ಕಲ್ಲಿನ ದಪ್ಪದೊಳಗೆ ಹೇಗೋ ಹಿಡಿಸುತ್ತದೆ. ಹಿಡಿಸಿದರೆ ಕಮಾನು ನಿಲ್ಲುತ್ತದೆ, ಗೆರೆ ಕಲ್ಲಿನಿಂದ ಹೊರಗೆ ಹೋದರೆ ಬೀಳುತ್ತದೆ. ಅರ್ಧವೃತ್ತದ ಕಮಾನಿನ ದಪ್ಪ ತ್ರಿಜ್ಯದ ಹತ್ತನೇ ಒಂದು ಭಾಗಕ್ಕಿಂತ ತುಸು ಹೆಚ್ಚಿರಬೇಕು ಎಂದು ಲೆಕ್ಕ ಬಲ್ಲವರು ಹೇಳುವುದು ಇದಕ್ಕೇ. ಗೌಂಡಿಗೆ ಈ ಲೆಕ್ಕ ಬೇಕಾಗಲಿಲ್ಲ. ಕಲ್ಲನ್ನು ಹೆಬ್ಬೆರಳಿನಲ್ಲಿ ಒತ್ತಿ ನೋಡಿ, "ಹೊಟ್ಟಿ ಮುಂದ ಬರಾಕತ್ತೈತಿ, ಭುಜದ ಮ್ಯಾಲೆ ಒಂದು ಕಲ್ಲು ಹೇರ್ರಿ" ಎಂದ. ಹೇರಿದೆವು, ಸರಿಹೋಯಿತು.

ಒಮ್ಮೆ ಈ ಹುಚ್ಚು ಹಿಡಿದ ಮೇಲೆ ಊರೆಲ್ಲ ಕಮಾನು ಕಾಣತೊಡಗಿತು, ಜೊತೆಗೇ ಅದರಲ್ಲಿ ಬಹುಪಾಲು ನಮ್ಮ ಮನೆಯದರ ಜಾತಿಯವೇ ಎಂಬುದೂ. ಜಾತ್ರೆ ಬರಲಿ, ಮುಖಂಡರ ಹುಟ್ಟುಹಬ್ಬ ಬರಲಿ, ರಸ್ತೆಗೆ ಅಡ್ಡ ಸ್ವಾಗತ ಕಮಾನು ಏಳುತ್ತದೆ. ಬಿದಿರು ಇಲ್ಲವೇ ಕಬ್ಬಿಣದ ಪೈಪು, ಮೇಲೆ ಫ್ಲೆಕ್ಸು, ಫ್ಲೆಕ್ಸಿನ ಮೇಲೆ ಕೈಮುಗಿದವರ ಸಾಲು ಸಾಲು ಮುಖ. ಅದು ಹೊರುವುದು ಆ ಮುಖಗಳನ್ನು ಮಾತ್ರ. ಊರ ಬಾಗಿಲಿಗೆ ಕಾಯಂ ಆಗಿ ಕಟ್ಟಿಸುವ ಸಿಮೆಂಟಿನ ಕಮಾನುಗಳೂ ಬಹುತೇಕ ಒಳಗೆ ಸರಳು ಇಟ್ಟು ಬಗ್ಗಿಸಿದ ತೊಲೆಗಳೇ. ಮೊಮ್ಮಗಳನ್ನು ಸೂಪಾ ಆಣೆಕಟ್ಟಿಗೆ ಕರೆದುಕೊಂಡು ಹೋದಾಗ, "ಅಜ್ಜಾ, ಇದು ಕಮಾನು ಆಗೇದೇನು?" ಎಂದು ಕೇಳಿದಳು. ಆಗಿಲ್ಲ. 101 ಮೀಟರ್ ಎತ್ತರದ ಸೂಪಾ, ಹಳೆಯ ಸೂಪಾ ಊರನ್ನು ನೀರಿನೊಳಗೆ ಬಿಟ್ಟು, ಬರೀ ತನ್ನ ಭಾರದಿಂದ ಕಾಳಿಯನ್ನು ತಡೆದು ನೆಟ್ಟಗೆ ನಿಂತಿದೆ. ಕೇರಳದ ಇಡುಕ್ಕಿಯದು ಕಮಾನು. ಸುಮಾರು 169 ಮೀಟರ್ ಎತ್ತರದ ಆ ಗೋಡೆ ನೀರಿನ ಕಡೆಗೆ ಬೆನ್ನು ಬಾಗಿಸಿ, ನೀರಿನ ಒತ್ತಡವನ್ನು ಎರಡು ಬದಿಯ ಬಂಡೆ ಗುಡ್ಡಗಳಿಗೆ ದಾಟಿಸುತ್ತದೆ. "ಅಂದ್ರ ಕುಕ್ಕರು ಒಂದು ಕಡೆ, ಪುಸ್ತಕ ಒಂದು ಕಡೆ" ಎಂದಳು. ಇದಕ್ಕಿಂತ ಚೆನ್ನಾಗಿ ವಿವರಿಸುವುದು ನನಗೆ ಬರುತ್ತಿರಲಿಲ್ಲ.

ನಿಜವಾದ ಕಮಾನು ನೋಡಬೇಕೆಂದರೆ ನಮಗೆ ಹತ್ತಿರದಲ್ಲಿ ರೈಲಿನ ದಾರಿಯೇ ಗತಿ. ಜೋಯಿಡಾ ತಾಲೂಕಿನ ಕ್ಯಾಸಲ್‌ರಾಕ್‌ವರೆಗೆ ಗೋವೆಯಿಂದ 1888ರ ಹೊತ್ತಿಗೆ ಹಳಿ ಏರಿ ಬಂತು. ಆ ಘಟ್ಟದ ದಾರಿಯಲ್ಲಿ ದೂಧಸಾಗರದ ಮುಂದಿನ ಸೇತುವೆ ಕಲ್ಲಿನ ಕಮಾನುಗಳ ಮೇಲೆ ನಿಂತಿದೆ. ಜನ ಅಲ್ಲಿ ಜಲಪಾತದ ಫೋಟೋ ತೆಗೆಯುತ್ತಾರೆ. ನಾನು ಈಚೆಗೆ ಆ ಫೋಟೋಗಳಲ್ಲಿ ನೀರನ್ನು ಹೆಬ್ಬೆರಳಿನಿಂದ ಮುಚ್ಚಿ ಸೇತುವೆ ನೋಡುತ್ತೇನೆ. ಗೂಡ್ಸ್ ಗಾಡಿಗಳು ಮುಂದೆ ಹಿಂದೆ ಎಂಜಿನ್ ಕಟ್ಟಿಕೊಂಡು ಅದರ ಮೇಲೆ ಏದುಸಿರು ಬಿಡುತ್ತ ಹೋಗುತ್ತವೆ. ಅದು ಹೊರುವ ಕಮಾನು.

ಹಾಗಂತ ತೋರುವ ಕಮಾನಿನ ಬಗ್ಗೆ ಮೂಗು ಮುರಿಯುವಂತೆಯೂ ಇಲ್ಲ. ಅದರ ವಂಶ ದೊಡ್ಡದು. ಪಟ್ಟದಕಲ್ಲಿನಲ್ಲಿ 8ನೇ ಶತಮಾನದ ವಿರೂಪಾಕ್ಷ ದೇವಾಲಯ ಕಟ್ಟಿದ ಶಿಲ್ಪಿಗಳು ಭಾರಕ್ಕೆ ನಂಬಿದ್ದು ಕಂಬ ಮತ್ತು ತೊಲೆಯನ್ನು. ಕಮಾನನ್ನು ಶಿಖರದ ಮುಂಭಾಗದಲ್ಲಿ ಅಲಂಕಾರಕ್ಕೆ ಕೆತ್ತಿದರು, ನಡುವೆ ನಟರಾಜನನ್ನು ನಿಲ್ಲಿಸಿದರು. ಈ ವಿಷಯ ಗೌಂಡಿಗೆ ಹೇಳಿದಾಗ ಅವನ ಬೆನ್ನು ನೆಟ್ಟಗಾಯಿತು. ನಮ್ಮ ಹಾಲಿನ ಕಮಾನಿನ ಕಡೆ ಕೈ ಮಾಡಿ, "ಮತ್ತ ನಾ ಏನ್ ಮಾಡೇನ್ರಿ? ಅದನ್ನ ಮಾಡೇನಿ" ಎಂದ. ಚಾಲುಕ್ಯರಿಗೂ ಅಂಬೇವಾಡಿಗೂ ಸಂಬಂಧ ಕುದುರಿತು. ಮರುದಿನ ಅವನು ಚಹಾದ ಜೊತೆ ಅವಲಕ್ಕಿಯನ್ನೂ ಕೇಳಿ ಪಡೆದ.

ಅರ್ಧವೃತ್ತ ಹಳತಾಯಿತು, ಏನಾದರೂ ದೊಡ್ಡದು ಕಟ್ಟೋಣ ಎಂದು ಮಾತು ಬಂತು. ನಾನು ಗೋಳಗುಮ್ಮಟ ಎಂದೆ. ಮೊಹಮ್ಮದ್ ಆದಿಲ್‌ಶಾಹಿಯ ಗೋರಿ, 1656ರದು. ಹೊರಗಿನಿಂದ 44 ಮೀಟರ್ ಅಗಲದ ಗುಮ್ಮಟ ಒಂದೂ ನಡುಗಂಬವಿಲ್ಲದೆ, ಒಂದನ್ನೊಂದು ಕತ್ತರಿಸಿಕೊಂಡು ಹೋಗುವ ಎಂಟು ಕಮಾನುಗಳ ಮೇಲೆ ಕೂತಿದೆ. ನೂರರಲ್ಲಿ ಒಂದು ಪಾಲು ಮಾಡಿದರೂ ಗುಮ್ಮಟವೇ 44 ಸೆಂಟಿಮೀಟರ್. ಪೆಟ್ಟಿಗೆಯಲ್ಲಿ ಅಷ್ಟು ಕಲ್ಲಿಲ್ಲ, ಟೀಪಾಯಿಯೂ ಸಾಲದು. ಗೋಡೆ ಮುಗಿಯುವ ಹೊತ್ತಿಗೆ ಕಲ್ಲು ತೀರುತ್ತದೆ ಎಂದು ಮೊಮ್ಮಗಳು ಬೆರಳೆಣಿಸಿ ಹೇಳಿದಳು. ಇನ್ನೊಂದು ತೊಂದರೆಯೂ ಇತ್ತು. ಈ ಕಲ್ಲುಗಳನ್ನು ಪೆಟ್ಟಿಗೆಗೆ ವಾಪಸು ತುಂಬಲು ಒಂದು ನಕ್ಷೆ ಬರುತ್ತದೆ. ಪ್ರತಿ ಕಲ್ಲಿಗೂ ಅದರದೇ ಜಾಗ, ಒಂದು ತಪ್ಪಿದರೂ ಮುಚ್ಚಳ ಹಾಕುವುದಿಲ್ಲ. ಕಟ್ಟುವುದಕ್ಕಿಂತ ತುಂಬುವುದು ಕಷ್ಟ, ದೊಡ್ಡದು ಕಟ್ಟಿದಷ್ಟೂ ರಾತ್ರಿ ತುಂಬುವ ಕೆಲಸ ದೊಡ್ಡದು. ಹಾಲು ಖಾಲಿ ಮಾಡಿ ಮಲಗಬೇಕು ಎಂಬುದು ಮನೆಯ ಸರಕಾರದ ಖಡಕ್ ಆದೇಶ.

ಗೌಂಡಿ ಯೋಚನೆ ಮಾಡಿ ಬಾರಾ ಕಮಾನ್ ಎಂದ. ಅವನು ಹರೆಯದಲ್ಲಿ ವಿಜಯಪುರಕ್ಕೆ ಕೆಲಸಕ್ಕೆ ಹೋದಾಗ ನೋಡಿದ್ದ. ಎರಡನೇ ಅಲಿ ಆದಿಲ್‌ಶಾಹಿ ಅಪ್ಪನ ಗುಮ್ಮಟವನ್ನು ಮೀರಿಸಬೇಕೆಂದು ಶುರುಮಾಡಿದ ಗೋರಿ. ಕರಿಕಲ್ಲಿನ ಕಮಾನುಗಳು ಎದ್ದವು. 1672ರಲ್ಲಿ ದೊರೆ ತೀರಿಕೊಂಡ, ಕೆಲಸ ಅಲ್ಲಿಗೇ ನಿಂತಿತು. ಮಾಡಿಲ್ಲ, ಗುಮ್ಮಟವಿಲ್ಲ, ಆಕಾಶಕ್ಕೆ ತೆರೆದ ಕಮಾನುಗಳ ಸಾಲು ಮಾತ್ರ. ಅಲ್ಲಿಯ ಗೌಂಡಿಗಳು ಕಟ್ಟಿಗೆಯ ಸೆಂಟ್ರಿಂಗ್ ಕೊಡದೆ ಒಳಗೆ ಒರಟು ಗೋಡೆ ತುಂಬಿಕೊಂಡು ಹೋಗಿ, ಕಮಾನು ಗಟ್ಟಿಯಾದ ಮೇಲೆ ಒಳಗಿನದನ್ನು ಕೆಡವುತ್ತಿದ್ದರಂತೆ ಎಂದು ಹೇಳುವುದುಂಟು. ಅದು ಕೇಳಿ ಶೇಂಗಾ ಹಿಂಡಿಯ ಡಬ್ಬಿಗೂ ಬಿಡುಗಡೆಯ ಆಸೆ ಮೂಡಿರಬೇಕು.

ಎಲ್ಲರಿಗೂ ಒಪ್ಪಿಗೆಯಾಯಿತು. ಮಳೆಗಾಲವಿಡೀ ಹೊರಗೆ ಕಾಲಿಡುವಂತಿಲ್ಲದ ನಮ್ಮ ಊರಿಗೆ ಇದಕ್ಕಿಂತ ತಕ್ಕ ಕಟ್ಟಡ ಇಲ್ಲ. ಈಗ ಟೀಪಾಯಿಯ ಮೇಲೆ ಕೆಂಪು ಹಳದಿ ಕಲ್ಲುಗಳ ಮೂರು ಕಮಾನುಗಳು, ಅವಕ್ಕೆ ಒತ್ತಾಗಿ ಕಿಟ್ಟೆಲ್. ಕುಕ್ಕರನ್ನು ಮಾತ್ರ ಕೆಲಸದಿಂದ ಬಿಡಿಸಿ ಗೌಂಡಿ ತಂದ ಚಿರೆಕಲ್ಲಿನ ತುಂಡು ಇಟ್ಟಿದ್ದೇವೆ. ಇದನ್ನು ರಾತ್ರಿ ಬಿಚ್ಚುವುದಿಲ್ಲ ಎಂದು ಮೊಮ್ಮಗಳಿಂದಲೇ ಅರ್ಜಿ ಹಾಕಿಸಿದೆವು.

ನಿನ್ನೆ ನನ್ನವಳು ಕಸ ಹೊಡೆಯುತ್ತ ಟೀಪಾಯಿಯ ಹತ್ತಿರ ಬಂದು, ಕಸಬರಿಗೆ ನಿಲ್ಲಿಸಿ ಕೇಳಿದಳು. "ಇದು ಯಾವಾಗ ಮುಗೀತದ?"

ಗೌಂಡಿ ಚಹಾದ ಕಪ್ಪು ಕೆಳಗಿಟ್ಟು, ಬಹಳ ವಿನಯದಿಂದ, "ಇದು ಮುಗ್ಯಾಂಗಿಲ್ರಿ ಅಕ್ಕಾರ. ನಕ್ಷಾದಾಗ ಹಂಗ ಐತಿ" ಎಂದ.